ನಾಲ್ಕನೇ ಪ್ಯಾರಾ

ನಮ್ಮ ಕಾರ್ಖಾನೆಯಲ್ಲಿ ನನ್ನನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಅರ್ಧ ವಕೀಲೆ ಎನ್ನುತ್ತಿದ್ದರು. ನನಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಮುಖ ಗಂಟಿಕ್ಕಿಕೊಂಡು ಓಡಾಡುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ. ಈಗ ಯಾರೂ ಹಾಗನ್ನುವುದಿಲ್ಲ. ಅದು ಇನ್ನೂ ಕಷ್ಟ.

ಕಾರ್ಖಾನೆ ಎಂದರೆ ಹೊಗೆ ಉಗುಳುವ ದೊಡ್ಡ ಕಟ್ಟಡವೆಂದುಕೊಳ್ಳಬೇಡಿ. ರಟ್ಟಿನ ಪೆಟ್ಟಿಗೆ ಮಾಡುವ ಜಾಗ. ಚಪ್ಪಲಿಗೆ, ಬಲ್ಬಿಗೆ, ಔಷಧದ ಬಾಟಲಿಗೆ ಪೆಟ್ಟಿಗೆ ಬೇಕಲ್ಲ, ಅವು ಆಕಾಶದಿಂದ ಉದುರುವುದಿಲ್ಲ. ಹದಿಮೂರು ಜನ, ಎರಡು ಪ್ರೆಸ್ಸು, ಒಂದು ಅಂಟಿನ ಮೇಜು, ಗಾಜಿನ ಗೋಡೆಯ ಹಿಂದೆ ಒಂದು ಪುಟ್ಟ ಆಫೀಸು. ಅಪ್ಪ ಶುರು ಮಾಡಿದ್ದು. ಅಪ್ಪ ಹೋದ ಮೇಲೆ ನನ್ನ ತಮ್ಮ ಯಂತ್ರವನ್ನೂ ಗಿರಾಕಿಗಳನ್ನೂ ನೋಡಿಕೊಂಡ, ನಾನು ಕಾಗದ ನೋಡಿಕೊಂಡೆ. ಪರವಾನಗಿ, ಬಾಡಿಗೆ ಕರಾರು, ವಿಮೆ, ಗಿರಾಕಿಗಳ ಷರತ್ತು, ಸರ್ಕಾರಿ ಕಚೇರಿಗಳ ಪ್ರಶ್ನೆ, ಎಲ್ಲ ನನ್ನ ಮೇಜಿಗೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಒಂದು ಮಹಡಿ ತುಂಬ ಜನ ಇರುತ್ತಾರಂತೆ. ನಮ್ಮಲ್ಲಿ ನಾನಿದ್ದೆ.

ವಕೀಲರೂ ಇದ್ದರು, ಇರಲಿಲ್ಲ ಅಂತಲ್ಲ. ಮೂರು ಬೀದಿ ಆಚೆ, ಕನ್ನಡಕದಂಗಡಿಯ ಮೇಲೆ ಅವರ ಆಫೀಸು. ಒಳ್ಳೆಯವರು, ಬುದ್ಧಿವಂತರು. ಆದರೆ ಫೋನು ಎತ್ತಿದ ಕೂಡಲೇ ಅವರ ಗಡಿಯಾರ ಓಡುತ್ತಿತ್ತು. ಎರಡು ನಿಮಿಷ ಮಾತಾಡಿದರೂ ಅರ್ಧ ಗಂಟೆಯ ಬಿಲ್ಲು. ಮನೆಯಲ್ಲಿ ಎಲ್ಲ ಆರಾಮಾ ಎಂದು ಅವರೇ ಕೇಳಿದರೂ ಅದು ನಮ್ಮ ಖರ್ಚಿಗೇ ಬೀಳುತ್ತಿತ್ತು. ಅದಕ್ಕೇ ನಾನು ಎರಡು ಉಪಾಯ ಮಾಡಿಕೊಂಡಿದ್ದೆ. ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಅರ್ಧ ಗಂಟೆಗೆ ಸಾಲುವಷ್ಟು ಕೂಡಿದ ಮೇಲೆ ಒಟ್ಟಿಗೆ ಕೇಳುವುದು ಒಂದು. ಅವರು ಬರೆದುಕೊಟ್ಟ ಪತ್ರಗಳನ್ನೆಲ್ಲ ಫೈಲು ಮಾಡಿಟ್ಟು, ಅಂಥದ್ದೇ ಸಂದರ್ಭ ಬಂದರೆ ಹೆಸರು, ತಾರೀಕು ಬದಲಿಸಿ ಮತ್ತೆ ಕಳಿಸುವುದು ಇನ್ನೊಂದು. ಅಣ್ಣನ ಅಂಗಿ ತಮ್ಮನಿಗೆ ಆಗುವುದಿಲ್ಲವೇ, ಹಾಗೆ. ಏಳು ವರ್ಷದಲ್ಲಿ ಹನ್ನೊಂದು ಪತ್ರ ಹೀಗೆ ಹೋಗಿದ್ದವು, ಒಂದೂ ತಿರುಗಿ ಬಂದಿರಲಿಲ್ಲ. ತಮ್ಮ ಅವಕ್ಕೆ ಓದದೇ ಸಹಿ ಹಾಕುತ್ತಿದ್ದ. ಎತ್ತು ಈಯಿತು ಎಂದು ನಾನು ಬರೆದಿದ್ದರೂ ಕೊಟ್ಟಿಗೆಗೆ ಕಟ್ಟಿ ಎಂದು ಕೆಳಗೆ ಸಹಿ ಮಾಡುವಷ್ಟು ನಂಬಿಕೆ ಅವನಿಗೆ.

ಇನ್ನು ಚಿಕ್ಕಪ್ಪ. ನಮ್ಮ ಅಪ್ಪನ ತಮ್ಮನಲ್ಲ, ಅಪ್ಪನ ಜೊತೆ ಮೊದಲ ದಿನದಿಂದ ಕೆಲಸಕ್ಕಿದ್ದವರು. ನಾವಿಬ್ಬರೂ ಅವರ ಮಡಿಲಲ್ಲೇ ಬೆಳೆದದ್ದರಿಂದ ಬೇರೆ ಹೆಸರಿಂದ ಕರೆದು ಗೊತ್ತಿಲ್ಲ. ಅವರು ಅಚ್ಚು ಮಾಡುವವರು. ಪೆಟ್ಟಿಗೆ ಕತ್ತರಿಸಬೇಕಾದರೆ ಹಲಗೆಯ ಮೇಲೆ ಉಕ್ಕಿನ ಅಲಗನ್ನು ಪೆಟ್ಟಿಗೆಯ ಆಕಾರಕ್ಕೆ ಬಗ್ಗಿಸಿ ಕೂರಿಸಬೇಕು. ಎಲ್ಲಿ ಕತ್ತರಿಸಬೇಕೋ ಅಲ್ಲಿ ಚೂಪು, ಎಲ್ಲಿ ಮಡಿಸಬೇಕೋ ಅಲ್ಲಿ ಮೊಂಡು. ಒಂದು ಕೂದಲೆಳೆ ಆಚೀಚೆಯಾದರೆ ಮುಚ್ಚಳ ಮುಚ್ಚುವುದಿಲ್ಲ. ಚಿಕ್ಕಪ್ಪನ ಅಚ್ಚಿನಲ್ಲಿ ಮುಚ್ಚಳ ಕೂತರೆ ಟಪ್ ಎಂದು ಸದ್ದು ಬರಬೇಕು, ಬರದಿದ್ದರೆ ಅಚ್ಚು ಬಿಚ್ಚಿ ಮತ್ತೆ ಕೂರುವರು. ಗಿರಾಕಿ ಪರವಾಗಿಲ್ಲ ಎಂದರೂ ಇವರಿಗೆ ಪರವಾಗಿತ್ತು. "ಅವನಿಗೆ ಕಣ್ಣಿಲ್ಲ ಅಂತ ನನಗೂ ಇಲ್ವಾ?" ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ಅವರಿಗೆ ವಯಸ್ಸಾಯಿತೆಂದು ನಿವೃತ್ತಿ ಮಾಡಿಸಿದೆವು. ಹಾರ ಹಾಕಿ, ಗಡಿಯಾರ ಕೊಟ್ಟು ಕಳಿಸಿದೆವು. ಎರಡು ತಿಂಗಳು ಮನೆಯಲ್ಲಿದ್ದರು. ಮೂರನೇ ತಿಂಗಳು ಒಂದು ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಬಂದು ತಮ್ಮ ಮೇಜಿನ ಧೂಳು ಒರೆಸಿ ಕೂತರು. "ಮನೇಲಿ ನಿಮ್ಮ ಚಿಕ್ಕಮ್ಮ ನನ್ನನ್ನ ಪೀಠೋಪಕರಣದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾಳೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸ್ತಾಳೆ" ಎಂದರು. ನಾವು ನಕ್ಕೆವು. ಅವತ್ತಿನಿಂದ ದಿನಾ ಬಂದರು. ವಿಮೆಯ ಪಟ್ಟಿಯಿಂದ ನಾನು ಅವರ ಹೆಸರು ತೆಗೆದಿರಲೇ ಇಲ್ಲ. ಆದರೆ ಹೊಸ ನೇಮಕದ ಕಾಗದ ಮಾತ್ರ ಮಾಡಲಿಲ್ಲ. ಹೇಗೆ ಮಾಡಬೇಕು ಎಂಬ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಪ್ರತಿ ಸಲವೂ ಅದಕ್ಕಿಂತ ಅವಸರದ ಪ್ರಶ್ನೆಗಳಿದ್ದವು, ಅದು ಮುಂದಿನ ಪುಟಕ್ಕೆ ಹೋಗುತ್ತಿತ್ತು.

ಆ ದಿನ ಗುರುವಾರ, ಊಟಕ್ಕೆ ಮುಂಚೆ. ದೊಡ್ಡ ಪ್ರೆಸ್ಸಿನ ಮುಂದೆ ಒಂದು ಕಂಬಿ ಇರುತ್ತದೆ, ಅದನ್ನು ಕೈ ತಾಕಿದರೆ ಯಂತ್ರ ತಾನೇ ನಿಲ್ಲಬೇಕು. ಎರಡು ದಿನದಿಂದ ಆ ಕಂಬಿ ಸುಮ್ಮಸುಮ್ಮನೆ ಯಂತ್ರ ನಿಲ್ಲಿಸುತ್ತಿತ್ತು. ಮೆಕ್ಯಾನಿಕ್ಕು ಸೋಮವಾರ ಬರುತ್ತೇನೆಂದಿದ್ದ. ಔಷಧದ ಪೆಟ್ಟಿಗೆಗಳು ಶುಕ್ರವಾರ ಹೋಗಬೇಕಿತ್ತು. ತಮ್ಮನೇ ಕಂಬಿಯ ತಂತಿ ಬಿಚ್ಚಿ, "ನಿಧಾನಕ್ಕೆ ಓಡಿಸಿ, ಹುಷಾರು" ಎಂದ. ಚಿಕ್ಕಪ್ಪ ಪ್ರೆಸ್ಸಿನೊಳಗೆ ಕೈ ಹಾಕಿ ಹೊಸ ಅಚ್ಚಿನ ಕೆಳಗೆ ಎಲ್ಲಿ ಅಲಗು ಸರಿಯಾಗಿ ಇಳಿಯುತ್ತಿಲ್ಲವೋ ಅಲ್ಲಿ ತೆಳು ಕಾಗದದ ಚೂರು ಅಂಟಿಸುತ್ತಿದ್ದರು. ಪ್ರೆಸ್ಸು ಪುಸ್ತಕ ಮುಚ್ಚಿದ ಹಾಗೆ ಮುಚ್ಚಿಕೊಂಡಿತು.

ನಾನು ಗಾಜಿನ ಗೋಡೆಯ ಈಚೆ ಇದ್ದೆ. ಕಿರುಚಿದ್ದು ಕೇಳಿಸಲಿಲ್ಲ, ಅವರು ಕಿರುಚಲೂ ಇಲ್ಲ. ಎಲ್ಲ ಯಂತ್ರ ಒಟ್ಟಿಗೆ ನಿಂತು ನಿಶ್ಶಬ್ದವಾದದ್ದು ಕೇಳಿಸಿತು. ಆಸ್ಪತ್ರೆಯ ದಾರಿಯಲ್ಲಿ ಅವರು ಬಲಗೈಯನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, "ಆ ಎಡಗಡೆ ಮೂಲೇಲಿ ಇನ್ನೊಂದು ಚೂರು ಕಾಗದ ಬೇಕಿತ್ತು, ಹೇಳು ಅವರಿಗೆ" ಎಂದರು. ನಾನು ಅತ್ತೆ.

ಡಾಕ್ಟರು ಮೊದಲ ಆಪರೇಷನ್ ಅವತ್ತೇ ಮಾಡಿದರು. ಮೂಳೆ ಕೂರಿಸಿದರು. ಬೆರಳಿನ ನರ, ಸ್ನಾಯು ಜೋಡಿಸಲು ಇನ್ನೊಂದು ಆಪರೇಷನ್ ಬೇಕು, ಆರು ವಾರದೊಳಗೆ ಆಗಬೇಕು, ಆಮೇಲೆ ಮಾಡಿದರೆ ಬೆರಳು ಇರುತ್ತವೆ ಆದರೆ ಮಡಚುವುದಿಲ್ಲ ಎಂದರು. "ವಿಮೆ ಇದೆಯಲ್ಲ?" ಎಂದು ಕೇಳಿದರು. ಇದೆ ಎಂದೆ. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ನಾನು ಯಾವ ಮಾತನ್ನೂ ಹೇಳಿರಲಿಲ್ಲ.

ಐದನೇ ದಿನ ಕಾರ್ಮಿಕ ಇಲಾಖೆಯಿಂದ ಪತ್ರ ಬಂತು. ಅಪಘಾತದ ಬಗ್ಗೆ ವಿವರಣೆ ಕೊಡಿ, ಗಾಯಗೊಂಡವರಿಗೂ ಸಂಸ್ಥೆಗೂ ಏನು ಸಂಬಂಧ ತಿಳಿಸಿ, ಏಳು ದಿನದ ಗಡುವು. ಎರಡೇ ಸಾಲು. ಆಸ್ಪತ್ರೆಯಿಂದ ಹೋದ ಮಾಮೂಲು ವರದಿಗೆ ಬಂದ ಮಾಮೂಲು ಪತ್ರ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ತಮ್ಮನ ಕಣ್ಣು ನೇರ ಪ್ರೆಸ್ಸಿನ ಕಂಬಿಯ ಕಡೆ ಹೋಯಿತು.

"ಅಕ್ಕ, ತಂತಿ ಬಿಚ್ಚಿದ್ದು ನಾನು. ಜೈಲಿಗೆ ಹಾಕ್ತಾರಾ?" ಎಂದ.

"ಬಾಯಿ ಮುಚ್ಚು, ನಾನಿದ್ದೀನಿ" ಎಂದೆ.

ವಕೀಲರಿಗೆ ಫೋನು ಮಾಡಿದೆ. ಅವರು ಮಗಳ ಮದುವೆಗೆ ಹೋಗಿದ್ದರು, ಹತ್ತು ದಿನ ಇರುವುದಿಲ್ಲ, ಬೇಕಾದರೆ ಕಿರಿಯ ವಕೀಲೆಯ ಹತ್ತಿರ ಮಾತಾಡಬಹುದು ಎಂದು ಆಫೀಸಿನವರು ಹೇಳಿದರು. ಆ ಹುಡುಗಿಗೆ ನಮ್ಮ ಕಥೆಯನ್ನೆಲ್ಲ ಮೊದಲಿಂದ ಹೇಳಬೇಕು, ಗಡಿಯಾರ ಓಡುತ್ತಿರುತ್ತದೆ. ಬೇಡ ಎಂದೆ. ಫೈಲು ತೆಗೆದೆ. ನಾಲ್ಕು ವರ್ಷದ ಹಿಂದೆ ಸಾಗಣೆಯ ಗುತ್ತಿಗೆದಾರನ ಕಡೆಯವನೊಬ್ಬ ನಮ್ಮ ಅಂಗಳದಲ್ಲಿ ಬೆನ್ನು ಉಳುಕಿಸಿಕೊಂಡು ನಮ್ಮ ಮೇಲೆ ದೂರು ಕೊಟ್ಟಿದ್ದ. ಆಗಲೂ ಇದೇ ಇಲಾಖೆ, ಇದೇ ಎರಡು ಸಾಲು. ವಕೀಲರು ಒಂದು ಪುಟದ ಉತ್ತರ ಬರೆದಿದ್ದರು, ದೂರು ಅಲ್ಲಿಗೇ ಸತ್ತುಹೋಗಿತ್ತು. ಎಂಥ ಪತ್ರ ಅದು! ಐದು ಪ್ಯಾರಾ. ನಾಲ್ಕನೆಯದರಲ್ಲಿ ಹೀಗಿತ್ತು: ಸದರಿ ವ್ಯಕ್ತಿಯು ನಮ್ಮ ಸಂಸ್ಥೆಯ ನೌಕರರಾಗಿರುವುದಿಲ್ಲ, ಘಟನೆಯ ದಿನ ಅವರು ನಮ್ಮ ಸೂಚನೆಯ ಮೇರೆಗೆ ಯಾವುದೇ ಕೆಲಸದಲ್ಲಿ ತೊಡಗಿರಲಿಲ್ಲ.

ಓದಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಓದಿದೆ. ಒಂದು ಗಳಿಗೆ ನಿಂತೆ ಕೂಡ. ಆಮೇಲೆ ನನ್ನ ಅರ್ಧ ವಕೀಲಿಕೆ ಎದ್ದು ಕೂತಿತು: ಕಾಗದದ ಪ್ರಕಾರ ನಿವೃತ್ತಿಯಾದವರು ತಾನೇ, ನೌಕರರಲ್ಲ ಅನ್ನುವುದು ಸುಳ್ಳೇನೂ ಅಲ್ಲ. ಅದೆಲ್ಲ ವಕೀಲರ ಭಾಷೆ, ಗೌರವಾನ್ವಿತರೇ ಎಂದು ಶುರು ಮಾಡುವ ಹಾಗೆ, ಯಾರೂ ಅದರ ಅರ್ಥ ನೋಡುವುದಿಲ್ಲ ಎಂದುಕೊಂಡೆ. ಹೆಸರು ಬದಲಿಸಿದೆ, ತಾರೀಕು ಬದಲಿಸಿದೆ, ತಮ್ಮನ ಸಹಿ ಹಾಕಿಸಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಪ್ರತಿ: ವಿಮಾ ಕಂಪನಿ' ಎಂದಿತ್ತು. ಹಳೆಯ ಪತ್ರದಲ್ಲಿದ್ದ ಸಾಲು. ಅಚ್ಚುಕಟ್ಟಾಗಿ ಅಲ್ಲಿಗೂ ಒಂದು ಪ್ರತಿ ಕಳಿಸಿದೆ.

ಎಂಟು ದಿನಕ್ಕೆ ವಿಮಾ ಕಂಪನಿಯಿಂದ ಉತ್ತರ ಬಂತು. ತಮ್ಮದೇ ಪತ್ರದ ನಾಲ್ಕನೇ ಪ್ಯಾರಾದ ಪ್ರಕಾರ ಗಾಯಾಳು ತಮ್ಮ ನೌಕರರಲ್ಲವಾದ್ದರಿಂದ ಚಿಕಿತ್ಸೆಯ ವೆಚ್ಚ ಭರಿಸಲಾಗುವುದಿಲ್ಲ. ಒಂದು ಪ್ರತಿ ಆಸ್ಪತ್ರೆಗೆ, ಒಂದು ಪ್ರತಿ ಚಿಕ್ಕಪ್ಪನ ಮನೆಗೆ. ಅದನ್ನು ನಿಂತೇ ಓದಿದೆ, ಮತ್ತೆ ಕೂತು ಓದಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತನ್ನಾದರೂ ಇಲ್ಲ ಎನ್ನಬಹುದು, ಇದಕ್ಕೆ ನಮ್ಮ ಮೊಹರಿತ್ತು.

ಮದುವೆ ಮುಗಿಸಿ ಬಂದ ವಕೀಲರಿಗೆ ಅಪಘಾತದ ಕಥೆ ಹೇಳಿ, ಇಲಾಖೆಗೆ ಕಳಿಸಿದ ಪತ್ರವನ್ನು ಎದುರಿಗಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

"ಇದು ನನ್ನ ಪತ್ರದ ಹಾಗಿದೆಯಲ್ಲ" ಎಂದರು.

"ನಿಮ್ಮದೇ."

"ಅದು ಯಾರೋ ಬೇರೆಯವನ ವಿಷಯಕ್ಕೆ ಬರೆದದ್ದು ಅಮ್ಮಾ. ಇವರನ್ನ ನೌಕರರು ಅಂತ ಒಂದು ಸಾಲು ಬರೆದಿದ್ರೆ ಸಾಕಿತ್ತು. ವಿಮೆಯವರು ಎಲ್ಲಾ ಕೊಡ್ತಿದ್ರು. ಕಂಬಿ ಕೆಟ್ಟಿದ್ದಕ್ಕೆ ಇಲಾಖೆಯವರು ಒಂದು ಎಚ್ಚರಿಕೆ ಕೊಟ್ಟು, ಸಣ್ಣ ದಂಡ ಹಾಕಿ ಬಿಡ್ತಿದ್ರು. ನನ್ನ ಕಿರಿಯ ವಕೀಲೆನ ಕೇಳಿದ್ರೂ ಹತ್ತು ನಿಮಿಷದಲ್ಲಿ ಹೇಳ್ತಿದ್ಲು."

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದವಳು ನಾನು. ಈಗ ಏನು ಮಾಡುವುದು ಎಂದು ಕೇಳಿದೆ. ಪತ್ರ ವಾಪಸು ತಗೊಳ್ಳುತ್ತೇವೆ, ತಪ್ಪಾಯಿತು ಎಂದು ಬರೆಯುತ್ತೇವೆ ಎಂದೆ.

"ಬರೀಬಹುದು. ಆದರೆ ಗಾಯದ ಪ್ರಕರಣದಲ್ಲಿ ಸರ್ಕಾರಕ್ಕೆ ಸುಳ್ಳು ಹೇಳಿಕೆ ಕೊಟ್ಟೆವು ಅಂತ ನೀವೇ ಒಪ್ಪಿಕೊಂಡ ಹಾಗಾಗುತ್ತೆ. ಸಹಿ ನಿಮ್ಮ ತಮ್ಮಂದು. ಕಂಬಿ ಬಿಚ್ಚಿದ್ದೂ ಅವರೇ. ಎರಡೂ ಸೇರಿದ್ರೆ ಅದು ದಂಡದಲ್ಲಿ ಮುಗಿಯಲ್ಲ. ಪರವಾನಗಿ ಹೋಗಬಹುದು, ಅವರೂ ಒಳಗೆ ಹೋಗಬಹುದು. ಹೋಗದೇನೂ ಇರಬಹುದು."

"ನಾವೇ ದುಡ್ಡು ಹಾಕಿ ಆಪರೇಷನ್ ಮಾಡಿಸ್ತೀವಿ."

"ಕೊಟ್ರೆ, ಯಾಕೆ ಕೊಟ್ರಿ ಅಂತ ಕೇಳ್ತಾರೆ. ನೌಕರ ಅಲ್ಲದವನಿಗೆ ಯಾರು ಕೊಡ್ತಾರೆ? ನಿಮ್ಮ ಸ್ವಂತದ್ದು ಅಂದ್ರೂ ನೀವು ಪಾಲುದಾರರು. ಸದ್ಯಕ್ಕೆ ಅವರ ಹತ್ರ ಮಾತಾಡಬೇಡಿ, ಆಸ್ಪತ್ರೆಗೆ ಹೋಗಬೇಡಿ, ಫೋನ್ ಎತ್ತಬೇಡಿ. ಇದು ನನ್ನ ಸಲಹೆ. ತೀರ್ಮಾನ ನಿಮ್ಮದು."

ವಿಮೆಯ ವ್ಯಾಜ್ಯ ಅವರ ವಿಭಾಗವಲ್ಲವಂತೆ. ಅದಕ್ಕೆ ಇನ್ನೊಬ್ಬ ವಕೀಲರನ್ನು ಹಿಡಿಸಿಕೊಟ್ಟರು. ಅವರ ಆಫೀಸಿನಲ್ಲಿ ಲಿಫ್ಟು ಇತ್ತು, ಗೋಡೆಗೆ ಹೂವಿನ ಚಿತ್ರವಿತ್ತು. ಇವರು ಹೇಳಿದ್ದು ಪೂರ್ತಿ ತಿರುಗುಮುರುಗು. ನಿಮ್ಮ ಚಿಕ್ಕಪ್ಪ ನೌಕರರೇ, ವಿಮೆಯ ಪಟ್ಟಿಯಲ್ಲಿ ಹೆಸರಿದೆ, ವಿಮೆಯವರ ಮೇಲೆ ಕೇಸು ಹಾಕೋಣ ಎಂದರು. ಹಾಗಾದರೆ ಇಲಾಖೆಗೆ ಬರೆದದ್ದು ಏನಾಗುತ್ತದೆ ಎಂದು ಕೇಳಿದರೆ, ಅದು ನಿಮ್ಮ ಮೊದಲನೇ ವಕೀಲರ ವಿಷಯ ಎಂದರು. ಮೊದಲನೆಯವರು ನೌಕರ ಅಲ್ಲ ಅನ್ನಬೇಕು, ಎರಡನೆಯವರು ನೌಕರ ಅನ್ನಬೇಕು. ನಾನು ನಡುವೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಕೊನೆಗೆ ಅವರಿಬ್ಬರೂ ಒಬ್ಬರಿಗೊಬ್ಬರು ಪತ್ರ ಬರೆಯಲು ಶುರು ಮಾಡಿದರು. ಒಂದೊಂದು ಉತ್ತರಕ್ಕೂ ಐದಾರು ದಿನ. ಎಲ್ಲ ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು. ಪ್ರತಿ ಪತ್ರದ ಕೊನೆಯಲ್ಲಿ ಅದೇ ಸಾಲು: ಇದು ಸಲಹೆ ಮಾತ್ರ, ತೀರ್ಮಾನ ಕಕ್ಷಿದಾರರದ್ದು.

ಕಕ್ಷಿದಾರರು ಎಂದರೆ ನಾನು. ಆ ಸಾಲನ್ನು ಮಾತ್ರ ನಾನು ಓದಿಯೂ ಓದದವಳಂತೆ ಇದ್ದೆ.

ಚಿಕ್ಕಪ್ಪ ಆಸ್ಪತ್ರೆಯಿಂದ ಫೋನು ಮಾಡಿದರು. ಮೇಜಿನ ಮೇಲೆ ಅವರ ಹೆಸರು ಹೊಳೆದು ನಡುಗಿತು. ಎತ್ತಲಿಲ್ಲ. ಮರುದಿನ ಮಾಡಿದರು, ಎತ್ತಲಿಲ್ಲ. ಮೂರನೇ ಸಲ ತಮ್ಮ ಗಾಜಿನ ಆಚೆ ನಿಂತು ನೋಡುತ್ತಿದ್ದ, ನಾನು ಫೋನನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದೆ. ಅದು ಒಳಗೆ ರಟ್ಟಿನ ಫೈಲುಗಳ ಮೇಲೆ ಗುರ್ರ್ ಎನ್ನುತ್ತಲೇ ಇತ್ತು. ನಾಲ್ಕನೇ ಸಲ ಚಿಕ್ಕಮ್ಮ ಮಾಡಿದರು. ಐದನೇ ಸಲ ಯಾರೂ ಮಾಡಲಿಲ್ಲ.

ಆ ದಿನಗಳಲ್ಲಿ ಒಂದು ಬೆಳಿಗ್ಗೆ ಬಸ್ಸಿಳಿದು ಆಸ್ಪತ್ರೆಯ ಗೇಟಿನವರೆಗೂ ಹೋದೆ. ಒಳಗೆ ಹೋಗಿ ಕೌಂಟರಿನಲ್ಲಿ ಕಾರ್ಡು ಕೊಟ್ಟು, ಮಾಡಿ ಆಪರೇಷನ್, ಆಗಿದ್ದಾಗಲಿ ಎನ್ನಬೇಕೆಂದುಕೊಂಡಿದ್ದೆ. ಗೇಟಿನ ಪಕ್ಕ ಹಣ್ಣಿನ ಗಾಡಿಯಿತ್ತು. ಹಣ್ಣು ತಗೊಳ್ಳಲೇ ಎಂದು ಯೋಚಿಸುತ್ತ ನಿಂತೆ. ತಮ್ಮನ ಇಬ್ಬರು ಮಕ್ಕಳ ಮುಖ ಕಣ್ಣೆದುರು ಬಂತು. ಅಂಟಿನ ಮೇಜಿನ ಹೆಂಗಸರು ಬಂದರು. ಜೈಲಿಗೆ ಹಾಕ್ತಾರಾ ಎಂದು ಅವನು ಕೇಳಿದ ದನಿ ಕೇಳಿಸಿತು. ಇವೆಲ್ಲ ನೆಪ ಎಂದು ನೀವನ್ನಬಹುದು, ನಾನೂ ಅನ್ನುತ್ತೇನೆ. ನನಗೆ ಹೆದರಿಕೆಯಾಯಿತು, ವಾಪಸು ಬಸ್ಸು ಹತ್ತಿದೆ. ಅದೇ ನಿಜ.

ಆರು ವಾರ ಕಳೆಯಿತು. ಏಳನೆಯದೂ ಕಳೆಯಿತು. ಚಿಕ್ಕಮ್ಮ ಸರ್ಕಾರಿ ಆಸ್ಪತ್ರೆಯ ಸರತಿಯಲ್ಲಿ ಚಿಕ್ಕಪ್ಪನ ಹೆಸರು ಬರೆಸಿದ್ದರಂತೆ, ಒಂಬತ್ತನೇ ವಾರ ಪಾಳಿ ಬಂತಂತೆ. ಅಲ್ಲಿನ ಡಾಕ್ಟರು ಕೈ ತೆರೆದು ನೋಡಿ, ಆಗುವಷ್ಟು ಮಾಡಿ, ಹೊಲಿದು ಕಳಿಸಿದರಂತೆ. ಈ ಸುದ್ದಿ ನನಗೆ ಅಂಟಿನ ಮೇಜಿನ ಹೆಂಗಸರ ಬಾಯಿಂದ ಬಂತು. ಅವರು ನನಗೆ ಹೇಳಲಿಲ್ಲ, ನನಗೆ ಕೇಳಿಸುವಷ್ಟು ಜೋರಾಗಿ ಒಬ್ಬರಿಗೊಬ್ಬರು ಹೇಳಿಕೊಂಡರು.

ಅದಾಗಿ ಒಂದು ವಾರಕ್ಕೆ ಇಬ್ಬರೂ ವಕೀಲರು ಒಂದು ದಾರಿ ಕಂಡುಹಿಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿ. ಸಂಸ್ಥೆ ಮಾನವೀಯತೆಯಿಂದ ಚಿಕ್ಕಪ್ಪನಿಗೆ ಒಂದು ಮೊತ್ತ ಕೊಡುವುದು. ಅದಕ್ಕೆ ಪ್ರತಿಯಾಗಿ ಅವರು ಒಂದು ಒಪ್ಪಂದಕ್ಕೆ ಸಹಿ ಹಾಕುವುದು. ಇಲಾಖೆಯ ಕಡತವೂ ಮುಚ್ಚುತ್ತದೆ, ವಿಮೆಯ ಕಡತವೂ ಮುಚ್ಚುತ್ತದೆ. ಮೂರು ಪ್ರತಿ ಮಾಡಿಕೊಟ್ಟರು. ಕೊರಿಯರಿನಲ್ಲಿ ಕಳಿಸಬಹುದು, ಆದರೆ ನೀವೇ ಹೋದರೆ ಬೇಗ ಆಗುತ್ತದೆ, ಈಗ ಮಾತಾಡಬಹುದು ಎಂದರು. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ನಾವು ಕೋರ್ಟಿನ ಮೆಟ್ಟಿಲೂ ಹತ್ತಿರಲಿಲ್ಲ.

ಚಿಕ್ಕಪ್ಪನ ಮನೆ ಇರುವುದು ಬಟ್ಟೆ ಒಗೆಯುವ ಅಂಗಡಿಯ ಮೇಲೆ. ಎರಡು ಕೋಣೆ, ಯಾವಾಗಲೂ ಸೋಪಿನ ವಾಸನೆ, ಕೆಳಗಿನ ಯಂತ್ರದ ನಡುಕ ನೆಲದಲ್ಲಿ ಗೊತ್ತಾಗುತ್ತದೆ. ಚಿಕ್ಕಮ್ಮ ಬಾಗಿಲು ತೆಗೆದು, ನನ್ನನ್ನು ನೋಡಿ, ದಾರಿ ಬಿಡದೇ ನಿಂತರು.

"ಒಂದು ಸಲ ಬಂದು ಮುಖ ತೋರಿಸೋಕ್ಕೂ ಕಾನೂನು ಅಡ್ಡ ಬಂತಾ ನಿನಗೆ?" ಎಂದರು.

ಒಳಗಿನಿಂದ ಚಿಕ್ಕಪ್ಪ, "ಯಾರೇ ಅದು? ನಮ್ಮ ವಕೀಲಮ್ಮನಾ? ಬಿಡೇ ಒಳಗೆ" ಎಂದರು. ಚಿಕ್ಕಮ್ಮ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟರು. ನಾನು ಹೋಗುವವರೆಗೂ ಆ ನಲ್ಲಿ ನಿಲ್ಲಿಸಲಿಲ್ಲ.

ಅವರು ಕಿಟಕಿಯ ಹತ್ತಿರ ಕೂತಿದ್ದರು. ಬಲಗೈ ತೊಡೆಯ ಮೇಲಿತ್ತು. ಬ್ಯಾಂಡೇಜು ತೆಗೆದಿದ್ದರು. ಬೆರಳುಗಳು ಐದೂ ಇದ್ದವು, ಹೆಬ್ಬೆರಳು ಬಿಟ್ಟು ಉಳಿದ ನಾಲ್ಕೂ ಒಂದಕ್ಕೊಂದು ಅಂಟಿ ನೆಟ್ಟಗೆ ಚಾಚಿಕೊಂಡಿದ್ದವು. ಬೇರೆ ಯಾರದೋ ಕೈಯನ್ನು ಅವರ ಮಡಿಲಲ್ಲಿ ಮರೆತು ಹೋದ ಹಾಗಿತ್ತು. ಅವರು ನಾನು ನೋಡುವುದನ್ನು ನೋಡಿ ಅದರ ಮೇಲೆ ಟವೆಲು ಎಳೆದುಕೊಂಡರು.

"ಫೋನ್ ಎತ್ತಲಿಲ್ಲ ನೀನು" ಎಂದರು.

"ವಕೀಲರು ಬೇಡ ಅಂದಿದ್ರು."

"ಹಾಗೇ ಇರಬೇಕು ಅಂದ್ಕೊಂಡೆ. ಇವಳಿಗೆ ಹೇಳಿದೆ, ವಿಮೆಯವರು ಏನೋ ತಪ್ಪು ಬರೆದಿದ್ದಾರೆ, ನಮ್ಮ ಹುಡುಗಿ ಸರಿ ಮಾಡ್ತಾಳೆ, ಅವಳು ಕಾಗದದಲ್ಲಿ ಗಟ್ಟಿಗಿತ್ತಿ ಅಂತ. ಇವಳು ನಂಬಲಿಲ್ಲ."

ಆಗ ಹೇಳಿದೆ. ಅಳುತ್ತ ಹೇಳಲಿಲ್ಲ, ಅಳಲು ನನಗೆ ಅಧಿಕಾರವಿರಲಿಲ್ಲ. ತಪ್ಪು ವಿಮೆಯವರದಲ್ಲ ಚಿಕ್ಕಪ್ಪ, ನೀವು ನೌಕರರಲ್ಲ ಅಂತ ಬರೆದದ್ದು ನಾನೇ, ಹಳೇ ಪತ್ರ ನಕಲು ಮಾಡಿ ಬರೆದೆ ಎಂದೆ. ಕೆಳಗಿನ ಯಂತ್ರ ನೀರು ಬಸಿದು ಗಿರಗಿರ ತಿರುಗುವ ಸದ್ದು ಬಂತು. ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಹಳೇ ಅಚ್ಚಿಗೆ ಹೊಸ ರಟ್ಟು ಹಾಕಿದೆ" ಎಂದರು ಕೊನೆಗೆ. "ನಮ್ಮಲ್ಲೂ ಹಾಗೆ ಮಾಡ್ತಾರೆ. ಅಳತೆ ನೋಡಬೇಕಾಗಿತ್ತು ಮಗಾ."

ಮತ್ತೆ ಅವರೇ ಕೇಳಿದರು, "ಏನದು, ಕೈಯಲ್ಲಿ?"

ಒಪ್ಪಂದ ಎಂದೆ. ಕನ್ನಡಕ ಸಿಗಲಿಲ್ಲ, ನೀನೇ ಓದು ಎಂದರು. ನಾನು ಓದಿದೆ. ಒಂದು ಸಾಲೂ ಬಿಡಬಾರದು ಎಂದು ದಾರಿಯುದ್ದಕ್ಕೂ ನಿರ್ಧಾರ ಮಾಡಿಕೊಂಡು ಬಂದಿದ್ದೆ, ಬಿಡಲಿಲ್ಲ. ಅದರಲ್ಲಿ ಹೀಗಿತ್ತು: ಘಟನೆಯ ದಿನ ನಾನು ಹಳೆಯ ಪರಿಚಯದ ಮೇಲೆ ಸಂದರ್ಶಕನಾಗಿ ಸಂಸ್ಥೆಗೆ ಭೇಟಿ ನೀಡಿದ್ದು, ಯಾರ ಅನುಮತಿಯೂ ಇಲ್ಲದೆ ಸ್ವಇಚ್ಛೆಯಿಂದ ಯಂತ್ರವನ್ನು ಮುಟ್ಟಿರುತ್ತೇನೆ.

"ಅದೊಂದು ಸಲ ಮತ್ತೆ ಓದು."

ಮತ್ತೆ ಓದಿದೆ.

"ಸಂದರ್ಶಕ ಅಂದ್ರೆ, ಸುಮ್ನೆ ನೋಡೋಕ್ಕೆ ಬಂದವನು."

"ಹೂಂ."

"ಆಯ್ತು, ಮುಂದೆ ಓದು."

ಮುಂದಿನದು ಕೊನೆಯ ಷರತ್ತು. ಇನ್ನು ಮುಂದೆ ನಾನು ಸದರಿ ಸಂಸ್ಥೆಯ ಆವರಣವನ್ನು ಯಾವುದೇ ಕಾರಣಕ್ಕೂ ಪ್ರವೇಶಿಸತಕ್ಕದ್ದಲ್ಲ. ಅದನ್ನೂ ಓದಿದೆ. ಈ ಸಲ ಅವರು ಮತ್ತೆ ಓದು ಎನ್ನಲಿಲ್ಲ. ಟವೆಲಿನ ಕೆಳಗಿನ ಕೈಯನ್ನು ಎಡಗೈಯಿಂದ ಸವರುತ್ತ ಕೂತರು.

"ಎಡಗೈಯಲ್ಲಿ ಅಲಗು ಬಗ್ಗಿಸೋದು ಕಲೀತಾ ಇದ್ದೆ" ಎಂದರು. "ಇಲ್ಲೇ, ತಂತಿ ತಗೊಂಡು. ಇನ್ನೊಂದು ಎರಡು ತಿಂಗಳಿಗೆ ಬರೋಣ ಅಂತಿದ್ದೆ. ಕಲಿಸೋಕ್ಕಾದ್ರೂ ಬರಬಹುದಾ? ಹೊಸಬನಿಗೆ ಮೂಲೆ ಬರಲ್ಲ, ನಿನಗೇ ಗೊತ್ತು."

"ಬರಬಾರದು ಚಿಕ್ಕಪ್ಪ."

ನನ್ನ ಬಾಯಿಂದ ಬಂತು ಅದು. ಬೇರೆ ಯಾವ ವಕೀಲರೂ ಆ ಕೋಣೆಯಲ್ಲಿರಲಿಲ್ಲ. ಹರಿದು ಹಾಕಬಹುದಿತ್ತು ಆ ಕಾಗದವನ್ನು, ಮೂರೇ ಪ್ರತಿ. ಅವರು ನನ್ನ ಮುಖ ನೋಡುತ್ತಿದ್ದರು, ಹರಿಯುತ್ತೇನೆಂದು ಕಾದಿದ್ದರೋ ಏನೋ. ನಾನು ಚೀಲದಿಂದ ಪೆನ್ನು ತೆಗೆದು ಕ್ಯಾಪು ಬಿಚ್ಚಿ ಕೊಟ್ಟೆ.

ಅವರು ಕಾಗದವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಚಾಚಿಕೊಂಡ ಬಲಗೈಯನ್ನೇ ಅದರ ಮೇಲೆ ಭಾರಕ್ಕಿಟ್ಟು, ಎಡಗೈಯಲ್ಲಿ ಹೆಸರು ಬರೆದರು. ಬಹಳ ಹೊತ್ತು ಹಿಡಿಯಿತು. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ ಬಿದ್ದವು. ಬರೆದು ಮುಗಿಸಿ, ಕಾಗದವನ್ನು ಬೆಳಕಿಗೆ ಹಿಡಿದು, ತಲೆಯಾಡಿಸಿದರು. ಎರಡನೇ ಪ್ರತಿ ತೆಗೆದುಕೊಂಡು ಇನ್ನೂ ನಿಧಾನಕ್ಕೆ ಬರೆದರು. ಅದನ್ನೂ ನೋಡಿ ಪಕ್ಕಕ್ಕಿಟ್ಟರು. ಮೂರನೆಯದಕ್ಕೆ ನಾಲಿಗೆಯ ತುದಿ ಕಚ್ಚಿಕೊಂಡು, ಅಚ್ಚಿನ ಮುಂದೆ ಕೂತಾಗ ಬಾಗುತ್ತಿದ್ದ ಹಾಗೆಯೇ ಬಾಗಿ, ಒಂದೊಂದು ಅಕ್ಷರ ಕೂರಿಸಿದರು.

"ಮೊದಲಿನೆರಡು ಕೆಟ್ಟದಾಗಿ ಬಂದಿವೆ" ಎಂದರು, ನನ್ನ ಕಡೆ ಸರಿಸುತ್ತ. "ಇದು ಪರವಾಗಿಲ್ಲ. ವಕೀಲರಿಗೆ ಇದನ್ನ ಕೊಡು."